ಹೊರಗೆ ಹೋಗುವ ಚೆಂಡು

ಹಾಕಿಯನ್ನು ನಾನು ಕಲಿತದ್ದು ಕಾಫಿ ಕಣದಲ್ಲಿ. ಹೀಗೆಂದರೆ ನಮ್ಮ ಮನೆಯ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರಿಗೇನು. ವನಗೂರಿನ ಕಡೆಯ ಗುಡ್ಡಗಳಲ್ಲಿ ಬುಗುರಿ ಆಡಿಸುವಷ್ಟು ಸಮತಟ್ಟು ಜಾಗ ಬೇಕೆಂದರೂ ಹುಡುಕಿಕೊಂಡು ಹೋಗಬೇಕು. ಸಮನಾಗಿದ್ದದ್ದು ಎರಡೇ, ಗದ್ದೆ ಮತ್ತು ಕಣ. ಗದ್ದೆಯಲ್ಲಿ ಅರ್ಧ ವರ್ಷ ಕೆಸರು, ಇನ್ನರ್ಧ ವರ್ಷ ಕಲ್ಲಿನಂಥ ಹೆಂಟೆ. ಕಣ ಹಾಗಲ್ಲ. ಸೆಗಣಿ ಹಾಕಿ ಸಾರಿಸಿ ಸಾರಿಸಿ ಗಟ್ಟಿಯಾದ ನೆಲ. ಕಾಫಿ ಒಣಗಿಸುವ ಕೆಲಸ ಮುಗಿದು ಮೂಟೆಗಳು ಸ್ಟೋರಿಗೆ ಸೇರಿದ ಮೇಲೆ, ಮಳೆ ಹಿಡಿಯುವವರೆಗೂ ಅದನ್ನು ಕೇಳುವವರಿರಲಿಲ್ಲ.

ಕಲಿಸಿದವರು ದೊಡ್ಡ ಎಸ್ಟೇಟಿನ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ ಹೆಂಡತಿ. ಕೊಡಗಿನವರು. ಮದುವೆಗೆ ಮೊದಲು ಕಾಲೇಜಿನಲ್ಲಿ ಆಡಿದವರು. ಟ್ರಂಕು, ಹಾಸಿಗೆ ಸುರುಳಿಗಳ ಜೊತೆ ನಾಲ್ಕು ಹಾಕಿ ಸ್ಟಿಕ್ಕು, ಎರಡು ಬಿಳಿ ಚೆಂಡು ಜೀಪಿನಿಂದ ಇಳಿದಾಗ, ಆಯಮ್ಮ ಗಂಡನನ್ನು ಹದ್ದುಬಸ್ತಿನಲ್ಲಿ ಇಡಲು ತಂದಿದ್ದಾರೆ ಎಂದು ಕೂಲಿ ಲೈನಿನ ಹೆಂಗಸರು ಮಾತಾಡಿಕೊಂಡರಂತೆ. ಎಸ್ಟೇಟಿನವರಿಗೆಲ್ಲ ಅವರು ಅಮ್ಮಾವ್ರು. ನಾನೂ ಹಾಗೇ ಕರೆದಾಗ, "ಆಟದಲ್ಲಿ ಅಮ್ಮಾವ್ರು ಗಿಮ್ಮಾವ್ರು ಬೇಡ. ಅಕ್ಕ ಅನ್ನು, ಸಾಕು" ಎಂದರು. ಅಂದಿನಿಂದ ನನಗೆ ಅವರು ಅಕ್ಕ.

ನಮ್ಮದು ಆ ಎಸ್ಟೇಟಿನ ಮಗ್ಗುಲಲ್ಲೇ ಐದು ಎಕರೆ ಕಾಫಿ, ಕೆಳಗಿನ ಕಣಿವೆಯಲ್ಲಿ ಒಂದಿಷ್ಟು ಏಲಕ್ಕಿ. ನಾನು ಸಕಲೇಶಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಪೇಟೆಯ ಲಾರಿ ಸಾಬರ ಮಗಳು. ಎಸ್ಟೇಟಿನ ಕಾಫಿ ಮೂಟೆ, ಗೊಬ್ಬರ, ಅಕ್ಕಿ ಎಲ್ಲ ಅವರ ಲಾರಿಯಲ್ಲೇ ಹತ್ತುವುದು, ಇಳಿಯುವುದು. ಶನಿವಾರ ಬೆಳಗಿನ ಸ್ಕೂಲು ಬಿಟ್ಟರೆ ನಾವಿಬ್ಬರೂ ಆ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಗುಡ್ಡ ಹತ್ತುತ್ತಿದ್ದೆವು. ಮಧ್ಯಾಹ್ನದಿಂದ ಬೆಳಕು ಹೋಗುವವರೆಗೆ ಕಣ. ರಾತ್ರಿ ಅವಳು ನಮ್ಮ ಮನೆಯಲ್ಲೇ ಮಲಗುತ್ತಿದ್ದಳು. ಭಾನುವಾರ ಮತ್ತೆ ಕಣ, ಸಂಜೆ ಮೂಟೆ ತುಂಬಿದ ಲಾರಿಯಲ್ಲಿ ವಾಪಸ್. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮಕ್ಕಳು, ಸ್ಟೋರಿನವರ ಮಗಳು ಎಲ್ಲ ಸೇರಿ ಎಂಟು ಜನ ಆಡುತ್ತಿದ್ದೆವು. ಸ್ಟಿಕ್ಕು ನಾಲ್ಕೇ ಆದ್ದರಿಂದ ಉಳಿದ ನಾಲ್ವರದು ಬುಡ ಬಾಗಿದ ಕಾಫಿ ಗಿಡದ ಕೋಲು.

ಎಸ್ಟೇಟಿನ ಆ ಕಣದ ಲೆಕ್ಕಾಚಾರವನ್ನು ಸ್ವಲ್ಪ ಹೇಳಬೇಕು. ಒಂದು ಮಗ್ಗುಲಿಗೆ ಗುಡ್ಡ ಕಡಿದ ದರೆ, ಎರಡಾಳು ಎತ್ತರ. ಉಳಿದ ಮೂರು ಕಡೆಯೂ ಬಯಲು, ಅಂದರೆ ಗಾಳಿ. ಮಳೆನೀರು ನಿಲ್ಲಬಾರದೆಂದು ಅಂಚಿಗೆ ಒಂದು ಗೇಣು ಕಲ್ಲು ಕೂಡ ಕಟ್ಟಿರಲಿಲ್ಲ. ಚೆಂಡು ಅಂಚು ದಾಟಿತೋ, ಕೆಳಗಿನ ಏಲಕ್ಕಿ ಕಣಿವೆಗೇ. ಹುಡುಕಲು ಇಳಿದರೆ ಒಂದು ಗಂಟೆ ಹೋಯಿತು, ಹತ್ತಿ ಬಂದ ಮೇಲೆ ಕಾಲಿಗೆ ಕಚ್ಚಿ ರಕ್ತ ಹೀರುವ ಇಂಬಳ ಕೀಳಲು ಇನ್ನರ್ಧ ಗಂಟೆ. ಎರಡು ಚೆಂಡುಗಳಲ್ಲಿ ಒಂದು ಮೊದಲ ತಿಂಗಳೇ ಹೋಗಿ ಸಿಗಲೇ ಇಲ್ಲ. ಇನ್ನೊಂದೂ ಹೋದರೆ ಯಾರಾದರೂ ಮಡಿಕೇರಿಗೆ ಹೋಗಿ ಬರುವವರೆಗೆ ಆಟ ಬಂದ್ ಎಂದು ಅಕ್ಕ ಮೊದಲೇ ಹೇಳಿದ್ದರು. ಹಾಗಾಗಿ ಬೇರೆ ಊರಿನ ಹಾಕಿಯಲ್ಲಿ ಇಲ್ಲದ ಒಂದು ಕಾನೂನು ನಮ್ಮಲ್ಲಿತ್ತು. ಚೆಂಡು ಯಾರ ಸ್ಟಿಕ್ಕಿಗೆ ತಾಗಿ ಹೊರಟಿರಲಿ, ನಮ್ಮವರದ್ದಿರಲಿ, ಎದುರಿನವರದ್ದಿರಲಿ, ಅಂಚಿಗೆ ಹತ್ತಿರ ಇದ್ದವಳು ಓಡಿ ತಡೆಯಬೇಕು. ತಡೆಯದಿದ್ದರೆ ಇಳಿಯಬೇಕಾದವಳೂ ಅವಳೇ.

ನಾನೂ ಸಾಬರ ಮಗಳೂ ಈ ಓಟದಲ್ಲಿ ಎಷ್ಟು ಪಳಗಿದೆವೆಂದರೆ, ಚೆಂಡು ಅಂಚಿನ ಕಡೆ ಉರುಳಿದ ಸದ್ದಿಗೇ ಕಾಲು ಎದ್ದುಬಿಡುತ್ತಿತ್ತು. ತಲೆಗೆ ಗೊತ್ತಾಗುವುದು ಆಮೇಲೆ. ಇಬ್ಬರೂ ಒಟ್ಟಿಗೆ ಓಡಿ, ಅಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ, ಬೀಳದ ಹಾಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತದ್ದು ಅದೆಷ್ಟು ಸಲವೋ.

ಹೈಸ್ಕೂಲಿನ ಕೊನೆಯ ವರ್ಷ, ಬೇಸಿಗೆ ರಜೆಗೆ ಸ್ವಲ್ಪ ಮೊದಲು, ಅಕ್ಕನಿಗೆ ಬೆಂಗಳೂರಿನಿಂದ ಒಂದು ಪತ್ರ ಬಂತು. ಅವರ ಜೊತೆ ಕಾಲೇಜಿನಲ್ಲಿ ಆಡಿದವರೊಬ್ಬರು ಈಗ ರಾಜ್ಯದ ಹೆಂಗಸರ ಹಾಕಿಯ ಕಡೆ ಓಡಾಡುತ್ತಿದ್ದರಂತೆ. ಯುರೋಪಿನ ಒಂದು ಪುಟ್ಟ ದೇಶದಲ್ಲಿ ಹಲವು ದೇಶಗಳ ಹೆಂಗಸರ ಹಾಕಿ ಪಂದ್ಯಾವಳಿ. ಅದಕ್ಕೆ ತಂಡ ಆರಿಸುವ ಮೊದಲು ಬೆಂಗಳೂರಿನಲ್ಲಿ ಒಂದು ಶಿಬಿರ. ಜಿಲ್ಲೆ ಜಿಲ್ಲೆಗೆ ಹೋಗಿ ಹುಡುಗಿಯರ ಆಟ ನೋಡಿ ಶಿಬಿರಕ್ಕೆ ಆರಿಸುತ್ತಾರೆ. ನಮ್ಮ ಜಿಲ್ಲೆಯ ಪಂದ್ಯ ಸಕಲೇಶಪುರದಲ್ಲಿ. ಅಕ್ಕ ಓದುತ್ತಾ ಬಂದವರು ಕೊನೆಯ ಸಾಲಿಗೆ ಸ್ವಲ್ಪ ತಡೆದರು. ಆಮೇಲೆ ನಮ್ಮಿಬ್ಬರ ಮುಖ ನೋಡದೆ ಓದಿದರು. ಜಿಲ್ಲೆಯಿಂದ ಒಬ್ಬಳು.

ನಾವಿಬ್ಬರೂ ಸ್ಕೂಲಿನ ಗೋಡೆಯ ಭೂಪಟದಲ್ಲಿ ಆ ದೇಶ ಹುಡುಕಿದೆವು. ಹೆಬ್ಬೆರಳಿನ ಉಗುರಿನಷ್ಟಿತ್ತು. "ಇಷ್ಟೇ ಇಷ್ಟು ದೇಶದೊಳ್ಗೆ ಹಾಕಿ ಆಡೋಕೆ ಜಾಗ ಎಲ್ಲೈತೆ?" ಎಂದಳು ಅವಳು. "ನಮ್ ಕಣಕ್ಕಿಂತ ದೊಡ್ದಿರ್ತದೆ ಬಿಡೇ" ಎಂದೆ. ನಕ್ಕೆವು. ಆದರೆ ಆ ಒಬ್ಬಳು ಯಾರು ಎಂಬ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನಗೆ ಹೋಗಬೇಕಿತ್ತು. ಅದನ್ನು ಮುಚ್ಚಿಡುವುದೇಕೆ. ವಿಮಾನ, ಪರದೇಶ ಅಂತಲ್ಲ, ಅದೆಲ್ಲ ನನ್ನ ತಲೆಗೆ ಹೋಗಿರಲೇ ಇಲ್ಲ. ಪರೀಕ್ಷೆ ಮುಗಿದರೆ ಸ್ಕೂಲು ಮುಗಿಯಿತು. ಸ್ಕೂಲು ಮುಗಿದ ಹೆಣ್ಣುಮಗಳು ನಮ್ಮ ಗುಡ್ಡದಲ್ಲಿ ಸ್ಟಿಕ್ಕು ಹಿಡಿದು ಓಡುವುದುಂಟೇ? ಶಿಬಿರಕ್ಕೆ ಹೋದರೆ ಆಟ ಇನ್ನೂ ಇರುತ್ತದೆ, ಹೋಗದಿದ್ದರೆ ಅಲ್ಲಿಗೆ ಮುಗಿಯಿತು. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಮ್ಮಪ್ಪ ಅದನ್ನು ಊಟದ ಮುಂದೆ ಕೂತು ಇನ್ನೂ ಸ್ಪಷ್ಟ ಮಾಡಿದರು. "ನಿನ್ ಹೆಸ್ರು ಬತ್ತಾ, ನಾನೇ ಬೆಂಗ್ಳೂರ್ಗಂಟ ಬಂದು ಬುಟ್ಟು ಬತ್ತೀನಿ, ಯಾರೇನಾರ ಅಂದ್ಕಳ್ಲಿ. ಬರ್ನಿಲ್ವಾ, ಕೋಲ ಅಟ್ಟದ್ಮ್ಯಾಲೆ ಮಡಗ್ಬುಡು. ಆಮ್ಯಾಕೆ ಅದ್ರ ಮಾತು ಎತ್ತಂಗಿಲ್ಲ." ನಮ್ಮಪ್ಪನ ಮಟ್ಟಿಗೆ ಅದು ಬಹಳ ದೊಡ್ಡ ಮಾತು. ನಾನು ಒಪ್ಪಿಕೊಂಡೆ.

ಪಂದ್ಯಕ್ಕೆ ಮೂರು ವಾರ ಇತ್ತು. ಆ ಮೂರು ವಾರ ಕಣದಲ್ಲಿ ನಗು ಕಡಿಮೆಯಾಯಿತು. ಒಂದು ಶನಿವಾರ ಚೆಂಡು ಅಂಚಿಗೆ ಹೊರಟಿತು, ಎಂದಿನಂತೆ ಇಬ್ಬರೂ ಓಡಿದೆವು. ನಾನು ಬೇಕೆಂದೇ ಭುಜ ಕೊಟ್ಟೆ. ಅವಳು ಜಾರಿ ಮಂಡಿ ಊರಿದಳು. ಚೆಂಡು ನನ್ನದಾಯಿತು. ನಾನು ಅವಳಿಗೆ ಕೈ ಕೊಡದೆ ಚೆಂಡನ್ನು ತಳ್ಳಿಕೊಂಡು ಹೋದೆ. ಮಂಡಿಯ ಸೆಗಣಿ ದೂಳು ಕೊಡವಿಕೊಂಡು ಎದ್ದ ಅವಳು ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ನಮ್ಮ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ಮಾಡಿ ಮಲಗಿದೆವು.

ಪಂದ್ಯದ ದಿನ ಶನಿವಾರ. ಮಧ್ಯಾಹ್ನ ಮೂರಕ್ಕೆ ಹೈಸ್ಕೂಲಿನ ಮೈದಾನ. ಹೆಂಗಸರು ಕೋಲು ಹಿಡಿದು ಆಡುತ್ತಾರಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿ, ಕಾಂಪೌಂಡಿನ ಉದ್ದಕ್ಕೂ ಜನ. ಬಸ್ಸಿನ ಕಂಡಕ್ಟರುಗಳು, ಕಾಫಿ ಆರಿಸುವ ಹೆಂಗಸರು, ಹೋಟೆಲಿನವರು, ಎಲ್ಲ ಬಂದಿದ್ದರು. ಪಡುವಣದ ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಿತ್ತು. ಸೆಕೆ ಹೇಗಿತ್ತೆಂದರೆ, ಆಟ ಶುರುವಾಗುವ ಮೊದಲೇ ನನ್ನ ಅಂಗೈ ಬೆವರಿ ಸ್ಟಿಕ್ಕು ಜಾರುತ್ತಿತ್ತು. ಹಾಸನದಿಂದ ಒಂದು ವ್ಯಾನಿನ ತುಂಬ ಹುಡುಗಿಯರು ಬಂದಿದ್ದರು, ಆಲೂರಿನಿಂದ ಮೂವರು. ಅವರನ್ನೂ ನಮ್ಮನ್ನೂ ಸೇರಿಸಿ ಎರಡು ತಂಡ ಮಾಡಿದರು. ಆದರೂ ಒಬ್ಬರು ಕಡಿಮೆಯಾಗಿ, ಹೆರಿಗೆ ಆಸ್ಪತ್ರೆಯ ನರ್ಸಮ್ಮನನ್ನು ನಮ್ಮ ಗೋಲಿಗೆ ನಿಲ್ಲಿಸಿದರು.

ಬೆಂಗಳೂರಿನಿಂದ ಬಂದವರು ಇಬ್ಬರು. ಅವರಲ್ಲಿ ಹಿರಿಯಾಕೆ, ಅಕ್ಕನಿಗೆ ಪತ್ರ ಬರೆದಿದ್ದವರೇ, ಬಿಳಿ ಸೀರೆಯುಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದವರು, ಒಂದು ಪುಸ್ತಕ ಪೆನ್ಸಿಲು ಹಿಡಿದು ಗೆರೆಯುದ್ದಕ್ಕೂ ಓಡಾಡುತ್ತಿದ್ದರು. ನನ್ನನ್ನು ಒಂದು ತಂಡದ ಎಡಗಡೆಯ ಬ್ಯಾಕ್ ಮಾಡಿದರು, ಅಂದರೆ ನಮ್ಮ ಗೋಲಿನ ಮುಂದೆ ಕಾಯುವವಳು. ಅವಳನ್ನು ಎದುರಿನ ತಂಡದ ಬಲಗಡೆಯ ಅಂಚಿನಲ್ಲಿ ನಿಲ್ಲಿಸಿದರು. ಹಾಗೆಂದರೆ ಇಡೀ ಆಟ ಅವಳು ನನ್ನ ಮೇಲೆಯೇ ನುಗ್ಗಬೇಕು, ನಾನು ಅವಳನ್ನೇ ತಡೆಯಬೇಕು. ಬೇಕೆಂದೇ ಹೀಗೆ ಹಾಕಿದ್ದಾರೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಮೊದಲ ಅರ್ಧದಲ್ಲಿ ಅವಳನ್ನು ನಾನು ಬಿಡಲಿಲ್ಲ. ನಾಲ್ಕು ಸಲ ಬಂದಳು, ನಾಲ್ಕು ಸಲವೂ ಚೆಂಡು ಕಿತ್ತೆ. ಅವಳ ಕಾಲು ಯಾವ ಕಡೆ ತಿರುಗುತ್ತದೆ ಎಂಬುದು ನನಗೆ ಅವಳಿಗಿಂತ ಮೊದಲೇ ಗೊತ್ತಿರುತ್ತಿತ್ತು. ಐದನೇ ಸಲ ಅವಳ ಹತ್ತಿರ ಚೆಂಡು ಹೋಗಲೇ ಇಲ್ಲ. ನಡುವಿನಿಂದ ಎದುರಿನ ಒಬ್ಬಳು ಜೋರಾಗಿ ಹೊಡೆದಳು, ಚೆಂಡು ಗುರಿ ತಪ್ಪಿ, ನಮ್ಮ ಗೋಲಿನಿಂದ ಬಹಳ ಪಕ್ಕಕ್ಕೆ, ಹಿಂದಿನ ಗೆರೆಯ ಕಡೆ ಉರುಳಿತು.

ಹಾಕಿ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎದುರಿನವರು ಹೊಡೆದ ಚೆಂಡು ನಮ್ಮ ಹಿಂದಿನ ಗೆರೆ ದಾಟಿ ಹೊರಗೆ ಹೋದರೆ ನಮಗೆ ಒಳ್ಳೆಯದೇ. ಅಪಾಯ ಕಳೆಯಿತು, ಆಟ ಗೋಲಿನಿಂದ ದೂರ ಹೋಗಿ ಮತ್ತೆ ಶುರುವಾಗುತ್ತದೆ. ಕಾಯುವವಳು ಸುಮ್ಮನೆ ನಿಂತು ನೋಡಬೇಕು. ಅಕ್ಕ ಇದನ್ನು ನಮಗೆ ಬಾಯಲ್ಲಿ ಹತ್ತು ಸಲ ಹೇಳಿದ್ದರು. ಆದರೆ ಕಣದಲ್ಲಿ ಅದನ್ನು ಮಾಡಿ ತೋರಿಸುವ ಹಾಗಿರಲಿಲ್ಲವಲ್ಲ.

ಚೆಂಡು ಉರುಳಿದ ಸದ್ದು ಕೇಳಿತು, ನನ್ನ ಕಾಲು ಎದ್ದಿತು. ಓಡಿದೆ. ಗೆರೆಗೆ ಇನ್ನೊಂದು ಅಡಿ ಇರುವಾಗ ಸ್ಟಿಕ್ಕು ಚಾಚಿ ಚೆಂಡನ್ನು ತಡೆದೆ. ತಡೆದು, ಸದ್ಯ ಉಳಿಯಿತು ಎಂದು ಉಸಿರು ಬಿಟ್ಟೆ, ಅಲ್ಲಿ ಕಣಿವೆಯೇ ಇದ್ದ ಹಾಗೆ. ನನ್ನ ಬೆನ್ನು ಮೈದಾನದ ಕಡೆ, ಮುಖ ಕಾಂಪೌಂಡಿನ ಕಡೆ. ಅಷ್ಟರಲ್ಲಿ ಎದುರಿನ ತಂಡದ ಆಲೂರಿನ ಹುಡುಗಿಯೊಬ್ಬಳು ಹಿಂದಿನಿಂದ ಬಂದು ಚೆಂಡು ಎಳೆದುಕೊಂಡು ಗೋಲಿನ ಮುಂದಕ್ಕೆ ತಳ್ಳಿದಳು. ಇನ್ನೊಬ್ಬಳು ಒಳಗೆ ಹೊಡೆದಳು. ನರ್ಸಮ್ಮ ಪಾಪ, ಕೈಚಾಚಿ ನಿಂತೇ ಇದ್ದರು.

ಕಾಂಪೌಂಡಿನ ಮೇಲಿಂದ ನಗು ಎದ್ದಿತು. "ಓಗೋ ಬಾಲ್ ಕರ್ದು ಕೊಟ್ಟಳಲ್ಲೋ ಮಾರಾಯ, ಬಾಗ್ಲಿಗ್ ಬಂದೋರ್ಗೆ ಕಾಫಿ ಕೊಟ್ಟಂಗೆ" ಎಂದ ಯಾವನೋ. ನನಗೆ ಮೈಯೆಲ್ಲ ಉರಿಯಿತು. ಬಿಳಿ ಸೀರೆಯವರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ನಡುವಿನ ಬಿಡುವಿನಲ್ಲಿ ಎಲ್ಲರಿಗೂ ಕಿತ್ತಳೆ ತೊಳೆ ಕೊಟ್ಟರು. ಅಕ್ಕ ನನ್ನನ್ನು ರಟ್ಟೆ ಹಿಡಿದು ಬೇವಿನ ಮರದ ಹಿಂದಕ್ಕೆ ಎಳೆದುಕೊಂಡು ಹೋದರು. ಅವರು ಅಷ್ಟು ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಇದು ಕಣ ಅಲ್ಲ ಕಣೇ. ಕೆಳಗೆ ಏನೂ ಇಲ್ಲ, ಹುಲ್ಲಿದೆ. ಹೋಗೋ ಬಾಲ್ ಹೋಗ್ಲಿ, ಬಿಡು. ಗೊತ್ತಾಯ್ತಾ?"

"ಗೊತ್ತಾಯ್ತು."

"ಕಾಲು ಎದ್ರೂ ಹಿಡಿದು ನಿಲ್ಲಿಸು. ನಿಂತ್ಕೋ. ಇನ್ನೊಂದು ಸಲ ಹಾಗೆ ಓಡಿದ್ರೆ ನಿನ್ನ ಹೆಸರು ಹೊಡೆದು ಹಾಕ್ತಾರೆ. ನಾನು ಹೇಳ್ತಿದ್ದೀನಿ, ಬಿಡು."

"ಬಿಡ್ತೀನಿ ಅಕ್ಕ" ಎಂದೆ. ಬಾಯಲ್ಲಿದ್ದ ಕಿತ್ತಳೆ ತೊಳೆ ಉಗಿದು ಮೈದಾನಕ್ಕೆ ಓಡಿದೆ.

ಎರಡನೇ ಅರ್ಧದಲ್ಲಿ ನಮ್ಮ ಕಡೆಯವರು ಒಂದು ಗೋಲು ಹೊಡೆದು ಸಮ ಮಾಡಿದರು. ಗುಡ್ಡದ ಕಡೆ ಗುಡುಗು ಶುರುವಾಗಿತ್ತು, ಬೆಳಕು ಮಂಕಾಯಿತು. ಮಳೆ ಬಂದರೆ ಆಟ ನಿಲ್ಲಿಸಿ ಅಲ್ಲಿಗೇ ಆರಿಸಿಬಿಡುತ್ತಾರೆ ಎಂದು ಒಬ್ಬಳು ಪಿಸುಗುಟ್ಟಿದಳು. ನನಗೆ ಮಳೆ ಬರಲಿ ಅನ್ನಿಸಿತು, ಬರಬಾರದು ಅಂತಲೂ ಅನ್ನಿಸಿತು. ಅವಳು ಎರಡು ಸಲ ಬಂದಳು, ಎರಡು ಸಲವೂ ತಡೆದೆ. ಒಂದು ಸಲ ಸ್ಟಿಕ್ಕಿಗೆ ಸ್ಟಿಕ್ಕು ಸಿಕ್ಕಿಕೊಂಡು, ಇಬ್ಬರ ಮುಖವೂ ಒಂದು ಗೇಣು ದೂರದಲ್ಲಿತ್ತು. ಅವಳ ಕಣ್ಣಿನಲ್ಲಿ ನೀರಿತ್ತೋ ಬೆವರೋ, ನನಗೆ ನೋಡುವ ಮನಸ್ಸಿರಲಿಲ್ಲ. ನಾನು ಅವಳನ್ನು ಗೆಳತಿಯೆಂದು ಆಗ ನೆನೆಯಲೇ ಇಲ್ಲ.

ಇನ್ನು ಐದೇ ನಿಮಿಷ ಎಂದು ಯಾರೋ ಕೂಗಿದರು. ಆಗ ಬಂತು ಆ ಚೆಂಡು. ಅವರ ಕಡೆಯ ನಡುವಿನಿಂದ ಯಾರೋ ಕಣ್ಣುಮುಚ್ಚಿ ಹೊಡೆದದ್ದು. ನನ್ನ ಎಡಕ್ಕೆ ಹತ್ತು ಮಾರು ದೂರದಲ್ಲಿ ಹಾದು, ನಮ್ಮ ಹಿಂದಿನ ಗೆರೆಯ ಕಡೆ ಉರುಳುತ್ತಿತ್ತು. ಮೊದಲಿನದ್ದೇ ಚೆಂಡು, ಮೊದಲಿನದ್ದೇ ದಾರಿ. ನನ್ನ ಕಾಲು ಎದ್ದಿತು. ಎರಡು ಹೆಜ್ಜೆ ಹಾಕಿದೆ. ಮೂರನೆಯದಕ್ಕೆ, ಬಿಡು, ನಿಂತ್ಕೋ ಎಂಬ ಮಾತು ತಲೆಯಲ್ಲಿ ಹೊಡೆಯಿತು. ಕಾಲನ್ನು ಹಿಡಿದು ನಿಲ್ಲಿಸಿದೆ. ಎಷ್ಟು ಕಷ್ಟವಾಯಿತೆಂದರೆ, ಮೀನಖಂಡ ಹಿಡಿದುಕೊಂಡು ಬಿಟ್ಟಿತು. ನಿಂತೆ. ಸ್ಟಿಕ್ಕನ್ನು ನೆಲಕ್ಕೆ ಊರಿದೆ, ನೋಡಿ, ಕಲಿತುಕೊಂಡೆ ಎಂದು ಬಿಳಿ ಸೀರೆಯವರಿಗೆ ಕಾಣಲಿ ಅಂತ.

ಪಕ್ಕದಲ್ಲಿ ಗಾಳಿ ಬೀಸಿದ ಹಾಗಾಯಿತು. ಅವಳು. ನನಗಿಂತ ಹದಿನೈದು ಮಾರು ಹಿಂದಿದ್ದವಳು, ಸಿಗದ ಚೆಂಡಿಗೆ, ಓಡಿ ಬಂದು ನನ್ನನ್ನು ದಾಟಿದಳು. ಗೆರೆಯ ಹತ್ತಿರ ಹುಲ್ಲು ಸ್ವಲ್ಪ ಉದ್ದ ಇತ್ತು, ಚೆಂಡು ಅಲ್ಲಿ ನಿಧಾನವಾಯಿತು. ಅವಳು ಮೈಯನ್ನೆಲ್ಲ ಮುಂದಕ್ಕೆ ಚೆಲ್ಲಿ, ಒಂದೇ ಕೈಯಲ್ಲಿ ಸ್ಟಿಕ್ಕು ಚಾಚಿ, ಗೆರೆಯ ಮೇಲಿಂದ ಚೆಂಡನ್ನು ಒಳಕ್ಕೆ ಎಳೆದಳು. ಎದ್ದಳು. ಗೆರೆಯ ಗುಂಟವೇ ಗೋಲಿನ ಕಡೆ ನಡೆದಳು. ನರ್ಸಮ್ಮನೂ ಚೆಂಡು ಹೊರಗೆ ಹೋಯಿತೆಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅವಳು ಮೆಲ್ಲಗೆ ತಳ್ಳಿದಳು, ಅಷ್ಟೇ. ಹೊಡೆಯಲೂ ಇಲ್ಲ.

ನಾನು ಓಡಿದ್ದರೆ ಆ ಚೆಂಡು ನನ್ನದು. ಅವಳಿಗಿಂತ ಹದಿನೈದು ಮಾರು ಮುಂದಿದ್ದೆ.

ಮಳೆ ಬರಲಿಲ್ಲ. ಆಟ ಮುಗಿದ ಮೇಲೆ ಬಿಳಿ ಸೀರೆಯವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಓದಿದರು. ಒಂದೇ ಹೆಸರು. ಅವಳದ್ದು. ಕಾಂಪೌಂಡಿನ ಮೇಲೆ ಕೂತಿದ್ದ ಲಾರಿ ಸಾಬರು ಇಳಿದು ಓಡಿಬಂದವರು ಅರ್ಧ ದಾರಿಯಲ್ಲಿ ನನ್ನನ್ನು ನೋಡಿ, ಅಲ್ಲೇ ನಿಂತು ಟೋಪಿ ಸರಿಮಾಡಿಕೊಂಡರು.

ಎಲ್ಲರೂ ಚದುರಿದ ಮೇಲೆ ಬಿಳಿ ಸೀರೆಯವರು ನನ್ನನ್ನು ಕರೆದರು. ಅಕ್ಕ ನನ್ನ ಪಕ್ಕದಲ್ಲೇ ಇದ್ದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದರು. "ಮೊದಲ ಅರ್ಧ ಮುಗಿದಾಗ ನಾವು ಬರೆದುಕೊಂಡಿದ್ದು ನಿನ್ನ ಹೆಸರು."

ನನಗೆ ಅರ್ಥವಾಗಲಿಲ್ಲ. "ನನ್ನಿಂದ ಗೋಲಾಯ್ತಲ್ಲ?" ಎಂದೆ.

"ಆಯ್ತು. ಅದು ತಪ್ಪೇ. ಎರಡು ದಿನ ಹೇಳಿಕೊಟ್ಟರೆ ಆ ತಪ್ಪು ಹೋಗುತ್ತೆ. ಆದ್ರೆ ಹೊರಗೆ ಹೋಗೋ ಚೆಂಡಿಗೂ ಹಾಗೆ ಓಡೋದನ್ನ ನಾವು ಯಾರಿಗೂ ಹೇಳಿಕೊಡೋಕೆ ಬರೋದಿಲ್ಲ. ಎರಡನೇ ಸಲ ಅದೇ ಚೆಂಡು ಬಂದಾಗ ನೀನು ನಿಂತುಬಿಟ್ಟೆ. ಯಾಕೆ?"

ನನ್ನ ಬದಲು ಅಕ್ಕ ಹೇಳಿದರು. "ನಾನು ಹೇಳಿದ್ದು. ಬಿಡು ಅಂತ ನಾನೇ ಹೇಳಿದ್ದು."

ಬಿಳಿ ಸೀರೆಯವರು ಅಕ್ಕನ ಮುಖ ನೋಡಿದರು, ಹಳೆಯ ಗೆಳತಿಯನ್ನು ನೋಡುವ ಹಾಗೆ. "ನೀನು ಹೇಳಿದ್ದರಲ್ಲಿ ತಪ್ಪೇನಿಲ್ಲ ಮಾರಾಯ್ತಿ. ಯಾರಾದರೂ ಅದನ್ನೇ ಹೇಳ್ತಿದ್ದರು. ಆದರೆ ಇರೋದು ಒಂದೇ ಜಾಗ" ಎಂದು ಪುಸ್ತಕ ಮುಚ್ಚಿ, ಕಾದು ನಿಂತಿದ್ದ ವ್ಯಾನಿನ ಕಡೆ ಹೋದರು.

ಅಂದು ಸಂಜೆಯೂ ಎಂದಿನಂತೆ ಲಾರಿಯಲ್ಲೇ ಗುಡ್ಡ ಹತ್ತಬೇಕಾಯಿತು. ಬೇರೆ ದಾರಿ ಎಲ್ಲಿತ್ತು? ಸಾಬರು ಸ್ಟಿಯರಿಂಗಿನ ಹಿಂದೆ, ಪಕ್ಕದಲ್ಲಿ ಅವಳು, ಆಮೇಲೆ ನಾನು, ಬಾಗಿಲ ಕಡೆ ಅಕ್ಕ. ನಾಲ್ಕು ಜನರ ನಡುವೆ ಒಂದು ಮಾತಿಲ್ಲ. ತಿರುವಿನಲ್ಲೆಲ್ಲ ನನ್ನ ಮೈ ಒಮ್ಮೆ ಅವಳಿಗೆ ತಾಗುತ್ತಿತ್ತು, ಒಮ್ಮೆ ಅಕ್ಕನಿಗೆ. ಎರಡೂ ಕಡೆ ಬೆಂಕಿ ತಾಗಿದ ಹಾಗೆ ಎಳೆದುಕೊಳ್ಳುತ್ತಿದ್ದೆ.

ಸಾಬರಿಗೇ ಮೊದಲು ತಡೆಯಲಾಗಲಿಲ್ಲ. "ಕೂಸೇ, ನೀನೂ ಚೆಂದ ಆಡ್ದೆ ಕಣವ್ವ" ಎಂದರು.

ಸ್ವಲ್ಪ ಹೊತ್ತಾದ ಮೇಲೆ ಅವಳು ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು. "ನೀನು ಓಡ್ತೀಯ ಅಂತಾನೇ ನಾನು ಓಡ್ದೆ ಕಣೇ. ಗೋಲ್ ಗೀಲ್ ಏನೂ ತಲೇಲಿರ್ನಿಲ್ಲ. ಬಾಲ್ ಹತ್ರ ಹೋಗಿ ನೋಡ್ತೀನಿ, ಪಕ್ಕದಾಗೆ ನೀನೇ ಇಲ್ಲ."

ಅವಳು ಸುಳ್ಳು ಹೇಳುವವಳಲ್ಲ. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ಹೋಗಿ ಚೆನ್ನಾಗಿ ಆಡು" ಎಂದೆ, ಅವಳ ಕಡೆ ತಿರುಗದೆ. ಅವಳು ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲಿಲ್ಲ. ಅಷ್ಟಾದರೂ ಮಾಡಿದೆನಲ್ಲ ಎಂದು ಈಗ ಸಮಾಧಾನ.

ಎಸ್ಟೇಟಿನ ಗೇಟಿನಲ್ಲಿ ಲಾರಿ ನಿಂತಿತು. ಅಕ್ಕ ಇಳಿದರು. ಇಳಿದವರು ಹೋಗಲಿಲ್ಲ, ಬಾಗಿಲು ಹಿಡಿದು ನಿಂತರು. ಏನೋ ಹೇಳಬೇಕೆಂದಿದ್ದರು. ನಾನು ಅವರಿಗೆ ಬಿಡುವು ಕೊಡಲಿಲ್ಲ. ನನಗೆ ಸಿಟ್ಟು ಬಂದರೆ ಹಿಂದುಮುಂದು ಕಾಣುವುದಿಲ್ಲ, ಇವತ್ತಿಗೂ ಅಷ್ಟೇ.

"ಅಕ್ಕಾ, ನೀವು ಬಾಯ್ ಮುಚ್ಕಂಡು ಸುಮ್ನಿದ್ದಿದ್ರೆ ನಾನು ಹೋಗ್ತಿದ್ದೆ" ಎಂದೆ.

ಸಾಬರು ಹೌಹಾರಿ ನನ್ನ ಕಡೆ ನೋಡಿದರು. ಇಡೀ ಎಸ್ಟೇಟಿನಲ್ಲಿ ಅಮ್ಮಾವ್ರಿಗೆ ಹಾಗೆ ಮಾತಾಡಿದವರು ಯಾರೂ ಇರಲಿಲ್ಲ. ಅಕ್ಕ ನನ್ನನ್ನು ಬೈಯಬಹುದಿತ್ತು. ನಿನ್ನ ಒಳ್ಳೆಯದಕ್ಕೇ ಹೇಳಿದ್ದು ಅನ್ನಬಹುದಿತ್ತು, ಅದು ನಿಜವೂ ಆಗಿತ್ತು. "ಹೌದು" ಎಂದರು ಅಷ್ಟೇ. "ನೀನು ಹೋಗ್ತಿದ್ದೆ." ಬಾಗಿಲನ್ನು ಸದ್ದಾಗದ ಹಾಗೆ ಹಾಕಿ, ಬಂಗಲೆಯ ದಾರಿ ಹಿಡಿದರು.

ಅವಳು ಅಂದು ನಮ್ಮಲ್ಲಿ ಉಳಿಯದೆ ಲಾರಿಯಲ್ಲೇ ವಾಪಸ್ ಹೋದಳು. ನಾನು ಮನೆಗೆ ಹೋದಾಗ ಅಪ್ಪ ಜಗುಲಿಯಲ್ಲಿದ್ದರು. "ಬಂತಾ?" ಎಂದರು. ಇಲ್ಲ ಎಂದೆ. ಅವರು ನನ್ನ ಕೈಯಿಂದ ಸ್ಟಿಕ್ಕು ತೆಗೆದುಕೊಂಡು, ಏಣಿ ಹಾಕಿ, ತಾವೇ ಅಟ್ಟಕ್ಕೆ ಹತ್ತಿಸಿದರು. ಇಳಿದು ಬಂದು, ಹಸ್ಕಂಡಿದ್ದೀಯ, ಉಣ್ಣೋಗು ಎಂದರು. ನಾನು ಅಂದು ಅಡುಗೆಮನೆಯಲ್ಲಿ ಕೂತು ಬಾಯಿಬಿಟ್ಟು ಅತ್ತೆ.

ಪರೀಕ್ಷೆ ಮುಗಿದಿತ್ತು, ಶಿಬಿರಕ್ಕೆ ಇನ್ನೂ ಇಪ್ಪತ್ತು ದಿನ ಇತ್ತು. ಅಕ್ಕ ಅವಳನ್ನು ಬಂಗಲೆಯಲ್ಲೇ ಉಳಿಸಿಕೊಂಡು ದಿನಾ ಕಣದಲ್ಲಿ ತಯಾರು ಮಾಡುತ್ತಿದ್ದರು. ಗಾಳಿ ಇತ್ತಕಡೆ ಬೀಸಿದರೆ ಚೆಂಡು ಹೊಡೆದ ಸದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಒಂದು ದಿನ ರೈಟರ ಮಗಳ ಕೈಲಿ ಅಕ್ಕ ಹೇಳಿ ಕಳಿಸಿದರು, ಅವಳ ಎದುರು ನಿಂತು ಆಡಲು ಯಾರೂ ಇಲ್ಲ, ನೀನು ಬಾ ಎಂದು. ಅಪ್ಪ ಕೂಡ, ತಾವು ಹೇಳಿದ ಮಾತನ್ನು ತಾವೇ ಮುರಿದು, "ಓಗೋಗು, ಅವ್ಳ್ಗಾರ ಆಗ್ಲಿ" ಎಂದರು. ನಾನು ಹೋಗಲಿಲ್ಲ. ಏಲಕ್ಕಿ ಗಿಡಕ್ಕೆ ಸೊಪ್ಪು ಹಾಕುವ ಕೆಲಸವಿದೆ ಎಂದೆ. ಆ ಕೆಲಸ ಆಗಲೇ ಮುಗಿದಿತ್ತು.

ಅವಳು ಬೆಂಗಳೂರಿಗೆ ಹೋದಳು. ಅಲ್ಲಿಂದ ಆ ಉಗುರಿನಷ್ಟು ದೇಶಕ್ಕೂ ಹೋದಳು. ಹೆಚ್ಚುವರಿ ಆಟಗಾರ್ತಿಯಾಗಿ ಹೋಗಿ, ಒಂದು ಪಂದ್ಯದಲ್ಲಿ ಅರ್ಧ ಆಟ ಆಡಿದಳು. ಅಲ್ಲಿಂದ ಬರೆದ ಕಾರ್ಡು ನನ್ನ ಹತ್ತಿರ ಇದೆ. ಅವಳ ಮೇಲಿನ ಹೊಟ್ಟೆಕಿಚ್ಚು ಆ ಕಾರ್ಡು ಬರುವ ಹೊತ್ತಿಗೆ ಕರಗಿತ್ತು. ಹಿಡಿದುಕೊಂಡು ಕೂತಿದ್ದದ್ದು ಅಕ್ಕನ ಮೇಲಿನ ಸಿಟ್ಟು.

ಮಳೆಗಾಲ ಹಿಡಿಯುವ ಮುಂಚೆ ಡಾಕ್ಟರಿಗೆ ಬೇರೆ ಕಡೆಯ ಎಸ್ಟೇಟಿನಲ್ಲಿ ಕೆಲಸವಾಯಿತು. ಹೊರಡುವ ದಿನ ಬೆಳಗ್ಗೆ ಜೀಪು ನಮ್ಮ ಮನೆಯ ಮುಂದೆ ನಿಂತಿತು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅಕ್ಕನ ದನಿ ಕೇಳಿತು, ಅವಳಿದ್ದಾಳಾ ಎಂದರು. ಕೈಯಲ್ಲಿದ್ದ ಪಾತ್ರೆಯನ್ನು ಸದ್ದಾಗದಂತೆ ನೆಲಕ್ಕಿಟ್ಟೆ. ಅವ್ವ ಹಿತ್ತಲ ಬಾಗಿಲವರೆಗೆ ಬಂದು ನನ್ನ ಮುಖ ನೋಡಿದಳು. ನಾನು ತಲೆ ಅಲ್ಲಾಡಿಸಿದೆ. "ತ್ವಾಟಕ್ಕೆ ಹೋಗ್ಬುಟ್ಟವ್ಳೆ ಅಮ್ಮಾವ್ರೇ" ಎಂದು ಅವ್ವ ಮುಂದೆ ಹೋಗಿ ಹೇಳಿದಳು. ಅವರು ಸ್ವಲ್ಪ ಹೊತ್ತು ಕಾದರು. ಜೀಪಿನ ಸದ್ದು ತಿರುವು ದಾಟುವವರೆಗೆ ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರನ್ನು ಆಮೇಲೆ ನಾನು ನೋಡಲಿಲ್ಲ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹಿತ್ತಲಿಗೆ ಬಂದಳು.

"ತಪ್ಪು ನಂದೇ ಅಂತ ಅವ್ಳ್ಗೆ ಹೇಳಿ ಅಂದ್ರು. ಆಯಮ್ಮ ಅಂತಾದ್ದೇನ್ ಮಾಡ್ಬುಟ್ರೇ ನಿಂಗೆ?"

ನನಗೆ ಹೇಳಲು ಒಂದೇ ಒಂದು ಸಿಕ್ಕಿತು.

"ಹಾಕಿ ಕಲ್ಸಿದ್ರು" ಎಂದೆ.